ಇಲಿ ನುಗ್ಗದ ಮನೆ: ರೋಗ ತಡೆಯುವ ಕೆಲಸ ಮತ್ತು ಹಿಂಸೆಯ ಪ್ರಶ್ನೆ

ಹಸಿದವನಿಗೆ ಅನ್ನವಿಡುವುದು, ರೋಗಿಯ ಶುಶ್ರೂಷೆ ಮಾಡುವುದು, ಅನಾಥ ಶವಕ್ಕೆ ಸಂಸ್ಕಾರ ಮಾಡುವುದು ಪುಣ್ಯದ ಕೆಲಸಗಳೆಂದು ಈ ನೆಲದಲ್ಲಿ ಬೇರೂರಿದ ಧರ್ಮಗಳೆಲ್ಲ ಹೇಳಿಕೊಂಡು ಬಂದಿವೆ. ಅಲ್ಲೆಲ್ಲ ನೋವು ಕಣ್ಣೆದುರಿಗೇ ಇರುತ್ತದೆ, ಅದಕ್ಕೊಂದು ಮುಖವಿರುತ್ತದೆ, ಕರುಣೆ ಹುಟ್ಟುವುದಕ್ಕೆ ಅಷ್ಟು ಸಾಕಾಗುತ್ತದೆ. ಇನ್ನೂ ಬಾರದ ರೋಗವನ್ನು ಬಾರದಂತೆ ತಡೆಯುವ ಕೆಲಸ ಇದಕ್ಕಿಂತ ಬೇರೆ ಬಗೆಯದು. ಅದು ಫಲಿಸಿದರೆ ಏನೂ ನಡೆಯುವುದಿಲ್ಲ, ಉಳಿದುಕೊಂಡವನಿಗೆ ತಾನು ಉಳಿದೆನೆಂಬ ಅರಿವೂ ಇರುವುದಿಲ್ಲ, ಉಳಿಸಿದವನಿಗೆ ತಾನು ಯಾರನ್ನು ಉಳಿಸಿದೆನೆಂದು ಬೆರಳು ಮಾಡಿ ತೋರಿಸಲೂ ಬರುವುದಿಲ್ಲ. ಇಂಥ ಕೆಲಸಕ್ಕೆ ಧರ್ಮದಲ್ಲಿ ಯಾವ ಸ್ಥಾನ, ಮಾಡಬೇಕಾದವರು ಅದನ್ನು ಮಾಡದೆ ಬಿಟ್ಟರೆ ಆಗುವ ಸಾವಿನ ಪಾಪ ಯಾರನ್ನು ಸುತ್ತಿಕೊಳ್ಳುತ್ತದೆ ಎಂಬ ಪ್ರಶ್ನೆಯನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬೆಂಗಳೂರಿನಂಥ ನಗರಗಳ ಎದುರಿಗೆ ತಂದು ನಿಲ್ಲಿಸಿದ್ದು ಪ್ಲೇಗು.

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಈ ರೋಗ 1898ರ ಆಗಸ್ಟಿನಲ್ಲಿ ಬೆಂಗಳೂರನ್ನು ಮುಟ್ಟಿತು. ಆಗಿನ ಬೆಂಗಳೂರು ಒಂದೇ ಊರಾಗಿರಲಿಲ್ಲ. ಮೈಸೂರು ಸಂಸ್ಥಾನಕ್ಕೆ ಸೇರಿದ ಹಳೆಯ ಪೇಟೆ ಒಂದು ಕಡೆ, ಬ್ರಿಟಿಷ್ ರೆಸಿಡೆಂಟರ ಕೈಕೆಳಗಿದ್ದ ದಂಡು, ಎಂದರೆ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್, ಇನ್ನೊಂದು ಕಡೆ ಇದ್ದು, ಎರಡಕ್ಕೂ ಬೇರೆ ಬೇರೆ ಪುರಸಭೆಗಳಿದ್ದವು. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದ ಸಂಸ್ಥಾನ ಸರ್ಕಾರ ವಿ. ಪಿ. ಮಾಧವರಾಯರನ್ನು ಪ್ಲೇಗು ಕಮಿಷನರನ್ನಾಗಿ ನೇಮಿಸಿತು. ಜನ ಮನೆಗಳಿಗೆ ಬೀಗ ಹಾಕಿ ಊರಾಚೆಯ ಬಯಲಿನಲ್ಲಿ ಶೆಡ್ಡುಗಳನ್ನೂ ಗುಡಿಸಲುಗಳನ್ನೂ ಕಟ್ಟಿಕೊಂಡು ತಿಂಗಳುಗಟ್ಟಲೆ ಕಳೆದರು. ಕಂಕುಳಲ್ಲೋ ತೊಡೆಯ ಸಂದಿನಲ್ಲೋ ಗಡ್ಡೆ ಎದ್ದು, ಜ್ವರ ಏರಿ, ಕೆಲವೇ ದಿನಗಳಲ್ಲಿ ಪ್ರಾಣ ತೆಗೆಯುತ್ತಿದ್ದ ಈ ರೋಗಕ್ಕೆ 1918ರ ವೇಳೆಗೆ ಭಾರತದಲ್ಲಿ ಒಂದು ಕೋಟಿಗೂ ಹೆಚ್ಚು ಮಂದಿ ಬಲಿಯಾಗಿದ್ದರು.

ರೋಗ ಬಂದ ಹೊಸದರಲ್ಲಿ ಅದು ಹರಡುವ ದಾರಿ ವೈದ್ಯರಿಗೂ ತಿಳಿದಿರಲಿಲ್ಲ. 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಅಲೆಕ್ಸಾಂಡರ್ ಯೆರ್ಸಿನ್ ರೋಗಾಣುವನ್ನು ಗುರುತಿಸಿದ್ದನು; 1898ರಲ್ಲಿ ಪಾಲ್ ಲೂಯಿ ಸಿಮೋಂಡ್ ಕರಾಚಿಯಲ್ಲಿ ನಡೆಸಿದ ಪ್ರಯೋಗದಿಂದ ಇಲಿಯ ಮೈಮೇಲಿನ ಚಿಗಟವೇ ರೋಗವನ್ನು ಸಾಗಿಸುತ್ತದೆಂದು ವಾದಿಸಿದಾಗ ಹೆಚ್ಚಿನವರು ನಂಬಲಿಲ್ಲ. 1905ರಿಂದ ಮುಂಬಯಿಯಲ್ಲಿ ಕೆಲಸ ಮಾಡಿದ ಸಂಶೋಧನಾ ಆಯೋಗವು ಪ್ಲೇಗು ಬಂದ ಮನೆಗಳಲ್ಲಿ ಗಿನಿಯಿಲಿಗಳನ್ನು ಇರಿಸಿ ನೋಡಿತು. ಚಿಗಟ ನುಸುಳಲಾಗದಷ್ಟು ಸಣ್ಣ ಕಣ್ಣಿನ ಜಾಲರಿಯೊಳಗಿದ್ದವು ಉಳಿದುಕೊಂಡವು, ಬರಿದೇ ಬಿಟ್ಟವು ರೋಗ ಬಂದು ಸತ್ತವು. ಆಮೇಲೆ ಹಳೆಯ ಮನೆಯೊಂದರ ಒಳಗನ್ನು ನೋಡುವ ಕಣ್ಣೇ ಬದಲಾಯಿತು. ತರಗುಪೇಟೆಯಂಥ ದಿನಸಿ ವ್ಯಾಪಾರದ ಬೀದಿಯಲ್ಲಿ ಅಂಗಡಿಯ ಹಿಂದೆಯೇ ಮನೆ, ಮನೆಯ ಮೂಲೆಯಲ್ಲಿ ಧಾನ್ಯದ ಮೂಟೆ, ಮೇಲೆ ಬೆಳಕು ಕಾಣದ ಅಟ್ಟ, ಕೆಳಗೆ ಸಗಣಿ ಸಾರಿಸಿದ ಮಣ್ಣಿನ ನೆಲ, ನೆಲಕ್ಕೂ ಗೋಡೆಗೂ ನಡುವೆ ಇಲಿ ಕೊರೆದ ಬಿಲ. ಒಂದು ಬೆಳಿಗ್ಗೆ ಅಟ್ಟದಿಂದ ಇಲಿಯೊಂದು ಉರುಳಿ ನಡುಮನೆಗೆ ಬೀಳುತ್ತದೆ, ತತ್ತರಿಸಿ ಒಂದೆರಡು ಸುತ್ತು ತಿರುಗಿ ಸಾಯುತ್ತದೆ; ಅದರ ಮೈ ತಣ್ಣಗಾಗುತ್ತಿದ್ದಂತೆ ರೋಮಗಳ ನಡುವಿನ ಚಿಗಟಗಳು ಇಳಿದು ಬೇರೆ ಬಿಸಿ ಮೈಯನ್ನು ಅರಸುತ್ತವೆ, ನೆಲದ ಮೇಲೆ ಚಾಪೆ ಹಾಸಿ ಮಲಗಿದ ಮಗು ಅವುಗಳಿಗೆ ಎಲ್ಲಕ್ಕಿಂತ ಹತ್ತಿರದಲ್ಲಿರುತ್ತದೆ. ಜನ ಚಿಗಟದ ಸಂಗತಿಯನ್ನು ಅರಿಯದಿದ್ದರೂ ಇಲಿ ಬೀಳುವುದಕ್ಕೂ ಸಾವಿಗೂ ಇರುವ ನಂಟನ್ನು ಚೆನ್ನಾಗಿ ಅರಿತಿದ್ದರು, ‘ಇಲಿ ಬಿತ್ತು’ ಎಂಬ ಮಾತು ಕೇಳಿದೊಡನೆ ಗಂಟುಮೂಟೆ ಕಟ್ಟುತ್ತಿದ್ದರು.

ಇಂಥ ಸಾಮೂಹಿಕ ಸಾವನ್ನು ಕುರಿತು ಭಾರತೀಯ ಚಿಂತನೆ ಮೂಕವಾಗಿತ್ತೆಂದು ತಿಳಿಯುವುದು ತಪ್ಪು. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಜನಪದೋದ್ಧ್ವಂಸವನ್ನು, ಎಂದರೆ ಒಂದು ನಾಡಿಗೆ ನಾಡೇ ರೋಗದಿಂದ ಹಾಳಾಗುವುದನ್ನು ಕುರಿತ ಅಧ್ಯಾಯವೊಂದಿದೆ. ಗಂಗೆಯ ದಡದಲ್ಲಿ ಆತ್ರೇಯನನ್ನು ಶಿಷ್ಯ ಅಗ್ನಿವೇಶನು ಕೇಳುವ ಪ್ರಶ್ನೆ ಇಂದಿಗೂ ಹರಿತವಾಗಿದೆ: ಪ್ರಕೃತಿ, ಆಹಾರ, ಬಲ, ವಯಸ್ಸು ಬೇರೆ ಬೇರೆಯಾಗಿರುವ ಜನ ಒಂದೇ ರೋಗದಿಂದ ಒಂದೇ ಕಾಲದಲ್ಲಿ ಸಾಯುವುದು ಹೇಗೆ? ಜನರೆಲ್ಲರೂ ಸಮಾನವಾಗಿ ಹಂಚಿಕೊಂಡಿರುವ ಗಾಳಿ, ನೀರು, ನೆಲ, ಕಾಲ ಎಂಬ ನಾಲ್ಕು ಕೆಡುವುದರಿಂದ ಹೀಗಾಗುತ್ತದೆ ಎಂಬುದು ಗುರುವಿನ ಉತ್ತರ. ಕೆಟ್ಟ ನೆಲದ ಲಕ್ಷಣಗಳಲ್ಲಿ ಸೊಳ್ಳೆ, ನೊಣಗಳ ಜೊತೆಗೆ ಇಲಿಗಳ ಹೆಚ್ಚಳವನ್ನೂ ಆ ಗ್ರಂಥ ಎಣಿಸುತ್ತದೆ. ಅಧ್ಯಾಯ ಅಲ್ಲಿಗೆ ನಿಲ್ಲದೆ ಈ ನಾಲ್ಕೂ ಕೆಡುವುದಕ್ಕೆ ಮೂಲ ಅಧರ್ಮವೆಂದೂ, ಅದಕ್ಕೂ ಮೂಲ ಪ್ರಜ್ಞಾಪರಾಧ, ಎಂದರೆ ತಿಳಿವು ತಪ್ಪಿ ಮಾಡುವ ದೋಷವೆಂದೂ ಹೇಳಿ, ದೇಶ, ನಗರ, ಶ್ರೇಣಿಗಳ ಮುಖ್ಯಸ್ಥರು ಧರ್ಮವನ್ನು ಮೀರಿ ನಡೆದಾಗ ಅವರ ಆಶ್ರಯದಲ್ಲಿರುವವರೂ ಅದನ್ನು ಬೆಳೆಸುತ್ತಾರೆಂದು ಸೇರಿಸುತ್ತದೆ. ಪಾಪವೆಂದರೆ ಒಬ್ಬನು ಮಾಡಿ ಒಬ್ಬನೇ ಉಣ್ಣುವ ವಸ್ತುವೆಂಬ ರೂಢಿಯ ಎಣಿಕೆ ಇಲ್ಲಿ ಸಡಿಲವಾಗುತ್ತದೆ. ನಗರವನ್ನು ಆಳುವವನ ಅಧರ್ಮ ಕುಡಿಯುವ ನೀರಿನಲ್ಲಿ ಇಳಿದು ಯಾವುದೂ ಅರಿಯದ ಕೂಸನ್ನು ಮುಟ್ಟುತ್ತದೆ.

ಅದೇ ಅಧ್ಯಾಯದಲ್ಲಿ ಆಯುಸ್ಸು ನಿಯತವೋ ಅಲ್ಲವೋ ಎಂಬ ಚರ್ಚೆ ಬರುವುದು ಕಾಕತಾಳೀಯವಲ್ಲ, ಸಾಂಕ್ರಾಮಿಕವೇ ಈ ಪ್ರಶ್ನೆಯನ್ನು ಎಳೆದು ತರುತ್ತದೆ. ದೈವವೆಂದರೆ ಹಿಂದೆ ಮಾಡಿದ ಕರ್ಮ, ಪುರುಷಕಾರವೆಂದರೆ ಈಗ ಮಾಡುವ ಪ್ರಯತ್ನ, ಇವೆರಡರ ಬಲಾಬಲದ ಮೇಲೆ ಆಯುಸ್ಸು ನಿಲ್ಲುತ್ತದೆ. ಎಲ್ಲರ ಆಯುಸ್ಸೂ ಮೊದಲೇ ಗೊತ್ತಾಗಿರುವುದಾದರೆ ಮದ್ದು, ಮಂತ್ರ, ಪಥ್ಯಗಳಿಗೆ ಅರ್ಥವೇ ಇರುವುದಿಲ್ಲವೆಂದು ಚರಕನ ವಾದ. ದಂಡಿನ ಬೀದಿಗಳಲ್ಲಿ ಹಿಂದೂಗಳ ಜೊತೆಯಲ್ಲೇ ಬಾಳುತ್ತಿದ್ದ ಮುಸಲ್ಮಾನರ ಪರಂಪರೆಯಲ್ಲಿಯೂ ಇದಕ್ಕೆ ಒಂದು ಸಂವಾದಿ ಪ್ರಸಂಗವಿದೆ. ಏಳನೆಯ ಶತಮಾನದಲ್ಲಿ ಖಲೀಫ ಉಮರ್ ಸಿರಿಯಾದ ಗಡಿಯವರೆಗೆ ಹೋಗಿ, ಮುಂದೆ ಪ್ಲೇಗು ಇದೆಯೆಂದು ತಿಳಿದು ಹಿಂದಿರುಗಲು ನಿಶ್ಚಯಿಸಿದಾಗ, ದೇವರ ವಿಧಿಯಿಂದ ಓಡಿಹೋಗುವುದೇ ಎಂದು ಸೇನಾಪತಿ ಅಬೂ ಉಬೈದ ಆಕ್ಷೇಪಿಸಿದನು. ದೇವರ ಒಂದು ವಿಧಿಯಿಂದ ದೇವರ ಇನ್ನೊಂದು ವಿಧಿಯ ಕಡೆಗೇ ಹೋಗುತ್ತಿರುವುದೆಂದೂ, ಒಂಟೆಗಳನ್ನು ಬರಡು ದಂಡೆಯಲ್ಲಿ ಮೇಯಿಸಿದರೂ ಹಸಿರು ದಂಡೆಯಲ್ಲಿ ಮೇಯಿಸಿದರೂ ಎರಡೂ ಅವನ ವಿಧಿಯೇ ಅಲ್ಲವೇ ಎಂದೂ ಉಮರ್ ಉತ್ತರಿಸಿದನೆಂದು ಸಂಪ್ರದಾಯ ಹೇಳುತ್ತದೆ. ಪ್ಲೇಗು ಇರುವ ಊರಿಗೆ ಹೋಗಬಾರದು, ಆ ಊರಲ್ಲಿದ್ದವನು ಬಿಟ್ಟು ಓಡಬಾರದು ಎಂಬ ಪ್ರವಾದಿಯ ವಚನ ಈ ಪ್ರಸಂಗದಲ್ಲಿಯೇ ನೆನಪಾಗುತ್ತದೆ. ಅದರ ಎರಡನೆಯ ಅರ್ಧ ಕಠಿಣವಾದದ್ದು: ತನ್ನ ಜೀವ ಉಳಿಸಿಕೊಳ್ಳುವ ಆತುರದಲ್ಲಿ ರೋಗವನ್ನು ಇನ್ನೊಂದು ಊರಿಗೆ ಹೊತ್ತೊಯ್ಯುವ ಹಕ್ಕು ಯಾರಿಗೂ ಇಲ್ಲ ಎಂಬ ಅರ್ಥ ಅದಕ್ಕೆ ಹೊಂದುತ್ತದೆ.

ವಿಧಿಯ ಪ್ರಶ್ನೆಗೆ ಹೀಗೆ ಹಳೆಯ ಉತ್ತರಗಳಿದ್ದವು. ಇಲಿಯ ಪ್ರಶ್ನೆ ಅಷ್ಟು ಸುಲಭವಾಗಿರಲಿಲ್ಲ. ಇಲಿಗಳನ್ನು ಹಿಡಿದು ಕೊಲ್ಲಬೇಕೆಂದು ಪುರಸಭೆಗಳು ಬೋನುಗಳನ್ನು ಹಂಚಿದವು, ವಿಷವಿಟ್ಟವು, ಸತ್ತ ಇಲಿಗೆ ಇಷ್ಟೆಂದು ಕಾಸು ಕೊಟ್ಟವು. ಗುಜರಾತ್ ಮತ್ತು ಮುಂಬಯಿಯ ಜೈನ ಹಾಗೂ ವೈಷ್ಣವ ವರ್ತಕರಲ್ಲಿ ಅನೇಕರು ಇದನ್ನು ಒಪ್ಪಲಿಲ್ಲ. ಇದನ್ನು ಮೌಢ್ಯವೆಂದು ತಳ್ಳಿಹಾಕಿದ ಅಧಿಕಾರಿಗಳು ಪ್ರಶ್ನೆಯ ಆಳವನ್ನು ಕಾಣಲಿಲ್ಲವೆಂದೇ ಹೇಳಬೇಕು. ಗಣಪತಿಯ ಪಾದದ ಬಳಿ ಇಲಿಯನ್ನಿಟ್ಟು ಪೂಜಿಸುವ ನಾಡಿನಲ್ಲಿ, ಇಲಿಯೂ ಅದೇ ರೋಗದಿಂದ ಮನುಷ್ಯನಿಗಿಂತ ಮೊದಲು ಸಾಯುವ ಜೀವಿಯೆಂಬುದು ನಿಜವಾಗಿರುವಾಗ, ಅದನ್ನು ಬರಿಯ ಶತ್ರುವೆಂದು ಎಣಿಸಲು ಮನಸ್ಸು ಹಿಂಜರಿಯುವುದು ಮನುಷ್ಯತ್ವದ ಲಕ್ಷಣವೇ. ಆದರೆ ಇಲಿಗೆ ತೋರಿದ ದಯೆಯ ಬೆಲೆಯನ್ನು ಪಕ್ಕದ ಮನೆಯ ಮಗು ತೆರಬೇಕಾಗಿ ಬಂದಾಗ ಆ ದಯೆ ಏನಾಗುತ್ತದೆ ಎಂಬುದನ್ನೂ ಅಷ್ಟೇ ಗಟ್ಟಿಯಾಗಿ ಕೇಳಬೇಕಾಗುತ್ತದೆ.

ಇದಕ್ಕೆ ಉತ್ತರ ಹುಡುಕುವಾಗ ಜೈನ ದರ್ಶನವೇ ಎಲ್ಲಕ್ಕಿಂತ ಹೆಚ್ಚು ನೆರವಾಗುತ್ತದೆ. ಉಮಾಸ್ವಾತಿಯು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣ ಹೋಗುವುದೊಂದನ್ನೇ ಹೇಳುವುದಿಲ್ಲ; ಪ್ರಮಾದದಿಂದ ಕೂಡಿದ ನಡೆಯಿಂದ ಪ್ರಾಣಕ್ಕೆ ಹಾನಿಯಾಗುವುದು ಹಿಂಸೆ ಎನ್ನುತ್ತಾನೆ. ಪ್ರಮಾದವೆಂದರೆ ಅಜಾಗ್ರತೆ, ಮೈಮರೆವು, ಕಾಳಜಿ ಇಲ್ಲದಿರುವಿಕೆ. ಎಚ್ಚರದಿಂದ ನಡೆಯುವ ಮುನಿಯ ಕಾಲ ಕೆಳಗೆ ಅರಿವಿಲ್ಲದೆ ಜೀವವೊಂದು ಸಿಕ್ಕಿದರೆ ಅದು ಬಂಧಕ್ಕೆ ಕಾರಣವಲ್ಲ, ಎಚ್ಚರವಿಲ್ಲದೆ ನಡೆದವನಿಗೆ ಯಾವ ಜೀವ ಸಾಯದಿದ್ದರೂ ಹಿಂಸೆಯ ದೋಷ ತಪ್ಪಿದ್ದಲ್ಲ ಎಂದು ವ್ಯಾಖ್ಯಾನಕಾರರು ಬಿಡಿಸಿ ಹೇಳಿದ್ದಾರೆ. ಮುನಿಗೆ ವಿಧಿಸಿದ ಐದು ಸಮಿತಿಗಳಲ್ಲಿ, ಎಂದರೆ ಎಚ್ಚರದ ನಡೆಗಳಲ್ಲಿ, ಕೊನೆಯದು ಮಲಮೂತ್ರಾದಿಗಳನ್ನು ಯಾವ ಜೀವಕ್ಕೂ ಬಾಧೆಯಾಗದ ಜಾಗದಲ್ಲಿ ನೋಡಿ ವಿಸರ್ಜಿಸುವುದು. ಮನುಷ್ಯನು ಹೊರಹಾಕುವ ಕಶ್ಮಲದ ಗತಿ ಏನಾಗುತ್ತದೆಂದು ಹಿಂತಿರುಗಿ ನೋಡುವುದು ಮೋಕ್ಷಮಾರ್ಗದ ಒಂದು ಮೆಟ್ಟಿಲೆಂದು ಪರಿಗಣಿಸಿದ ದರ್ಶನ ಇದು. ಶ್ರವಣಬೆಳಗೊಳವಿರುವ ನಾಡಿನಲ್ಲಿ ಚರಂಡಿಯ ಕೆಲಸಕ್ಕೆ ಇದಕ್ಕಿಂತ ಹತ್ತಿರದ ತಾತ್ವಿಕ ನೆಲೆಯನ್ನು ಹೊರಗೆಲ್ಲೂ ಹುಡುಕಬೇಕಾಗಿರಲಿಲ್ಲ. ಗೃಹಸ್ಥನಿಗೆ ಅದೇ ದರ್ಶನ ಸಂಕಲ್ಪಪೂರ್ವಕವಾಗಿ ಕೊಲ್ಲುವುದನ್ನು ನಿಷೇಧಿಸಿ, ಅಡುಗೆ, ಬೇಸಾಯ, ಆತ್ಮರಕ್ಷಣೆಗಳಲ್ಲಿ ತಪ್ಪಿಸಲಾಗದ ಹಿಂಸೆಯನ್ನು ಕಡಿಮೆ ಮಾಡಿಕೊಳ್ಳಬೇಕಾದ ದೋಷವೆಂದು ಸಹಿಸುತ್ತದೆ. ಹಾಗೆ ನೋಡಿದರೆ ಇಲಿಯನ್ನು ಕೊಂದ ಕ್ಷಣದಲ್ಲಿ ಹಿಂಸೆ ಆರಂಭವಾಗುವುದಿಲ್ಲ. ಧಾನ್ಯವನ್ನು ನೆಲದ ಮೇಲೆ ಚೆಲ್ಲಿ, ಕಸವನ್ನು ಬೀದಿಗೆ ಸುರಿದು, ಇಲಿಗೆ ಅನ್ನವನ್ನೂ ಬಿಲವನ್ನೂ ಒದಗಿಸಿ, ಕಡೆಗೆ ಅದನ್ನು ಕೊಲ್ಲಲೇಬೇಕಾದ ಸ್ಥಿತಿಯನ್ನು ತಂದುಕೊಂಡ ದಿನಗಳಲ್ಲಿಯೇ ಅದು ಆರಂಭವಾಗಿರುತ್ತದೆ.

1926ರಲ್ಲಿ ಅಹಮದಾಬಾದಿನಲ್ಲಿ ಗಿರಣಿ ಮಾಲೀಕರೊಬ್ಬರು ಅರವತ್ತು ಬೀದಿನಾಯಿಗಳನ್ನು ಕೊಲ್ಲಿಸಿದ್ದನ್ನು ಗಾಂಧೀಜಿ ಸಮರ್ಥಿಸಿದಾಗ ಎದ್ದ ದೊಡ್ಡ ವಿವಾದದಲ್ಲಿಯೂ ಅವರ ವಾದದ ತಿರುಳು ಇದಕ್ಕೆ ಹತ್ತಿರವಾಗಿತ್ತು. ಯಾರೂ ಸಾಕದ ನಾಯಿಗಳು ಹಸಿದು ಅಲೆಯುವುದು ಸಮಾಜದ ದಯೆಯ ಗುರುತಲ್ಲ, ದಯೆಯಿಲ್ಲದಿರುವಿಕೆಯ ಗುರುತು ಎಂದು ಅವರು ವಾದಿಸಿದರು.

ಪ್ರಮಾದದ ಮಾತು ರೋಗ ತಡೆಯಲು ಹೊರಟವರಿಗೂ ಅಷ್ಟೇ ಅನ್ವಯಿಸುತ್ತದೆ. ವಾಲ್ಡೆಮರ್ ಹಾಫ್ಕಿನ್ ಮುಂಬಯಿಯಲ್ಲಿ ಪ್ಲೇಗಿನ ಲಸಿಕೆಯನ್ನು ಸಿದ್ಧಪಡಿಸಿ 1897ರ ಜನವರಿಯಲ್ಲಿ ಮೊದಲು ತನ್ನ ಮೈಗೇ ಚುಚ್ಚಿಸಿಕೊಂಡಿದ್ದನು. ಆದರೆ 1902ರ ಅಕ್ಟೋಬರಿನಲ್ಲಿ ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಒಂದೇ ಸೀಸೆಯಿಂದ ಚುಚ್ಚುಮದ್ದು ಪಡೆದ 19 ಮಂದಿ ಧನುರ್ವಾಯುವಿನಿಂದ ಸತ್ತರು. ಹಾಫ್ಕಿನ್ ಹುದ್ದೆ ಕಳೆದುಕೊಂಡನು, 1907ರಲ್ಲಿ ದೋಷಮುಕ್ತನಾದನು. ಸೀಸೆ ತೆರೆಯುವಾಗ ಇಕ್ಕಳವೊಂದು ನೆಲಕ್ಕೆ ಬಿದ್ದದ್ದೂ ಅದನ್ನು ಸರಿಯಾಗಿ ಶುದ್ಧಿ ಮಾಡದೆ ಮತ್ತೆ ಬಳಸಿದ್ದೂ ವಿಚಾರಣೆಯಲ್ಲಿ ಹೊರಬಂದಿತ್ತು. ಆರೋಗ್ಯವಾಗಿದ್ದವರೇ ನಂಬಿ ತೋಳು ಒಡ್ಡಿದ್ದರೆಂಬುದು ಈ ಪ್ರಸಂಗವನ್ನು ಮರೆಯಲಾಗದಂತೆ ಮಾಡುತ್ತದೆ. ರೋಗಿಗೆ ಮದ್ದು ಕೊಡುವವನಿಗಿಂತ, ರೋಗವೇ ಇಲ್ಲದವನನ್ನು ಮುಟ್ಟುವವನಿಗೆ ಹೆಚ್ಚಿನ ಎಚ್ಚರ ಬೇಕು.

ಮಡಿ ಮೈಲಿಗೆಗಳ ಕಟ್ಟಳೆಯೇ ಭಾರತೀಯರ ಆರೋಗ್ಯಶಾಸ್ತ್ರವಾಗಿತ್ತೆಂದು ವಾದಿಸುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಸ್ನಾನ, ಒಗೆದ ಬಟ್ಟೆ, ಎಂಜಲಿನ ಎಚ್ಚರ, ಸೂತಕದ ದಿನಗಳ ದೂರ ಇವುಗಳಲ್ಲಿ ಆರೋಗ್ಯಕ್ಕೆ ಹಿತವಾದದ್ದು ಬಹಳ ಇದೆಯೆಂಬುದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಮಡಿ ಕಾಯುವುದು ತನ್ನನ್ನು ಇತರರಿಂದ. ಪ್ಲೇಗು ಕೇಳಿದ್ದು ಇತರರನ್ನು ತನ್ನಿಂದ ಕಾಯುವ ಎಚ್ಚರವನ್ನು. ಬೆಳಗಾಗೆದ್ದು ಹೊಸ್ತಿಲು ತೊಳೆದು ರಂಗೋಲಿ ಇಟ್ಟ ಗೃಹಿಣಿ ತೊಳೆದ ನೀರನ್ನೂ ಕಸವನ್ನೂ ಹೊಸ್ತಿಲಾಚೆ ತಳ್ಳಿದಾಗ ಮನೆಯ ಮಟ್ಟಿಗೆ ಶೌಚ ಪೂರ್ಣವಾಗುತ್ತಿತ್ತು, ಬೀದಿಯ ಮಟ್ಟಿಗೆ ಅಶೌಚ ಆರಂಭವಾಗುತ್ತಿತ್ತು. ಯು. ಆರ್. ಅನಂತಮೂರ್ತಿಯವರು 1965ರ ‘ಸಂಸ್ಕಾರ’ ಕಾದಂಬರಿಯಲ್ಲಿ ಇದೇ ಬಿಕ್ಕಟ್ಟನ್ನು ಅಗ್ರಹಾರದ ನಡುವೆ ಇರಿಸಿದ್ದಾರೆ. ನಾರಣಪ್ಪನ ಶವಕ್ಕೆ ಸಂಸ್ಕಾರ ಮಾಡುವ ಅಧಿಕಾರ ಯಾರದೆಂದು ಶಾಸ್ತ್ರ ಶೋಧಿಸುತ್ತಿರುವಾಗಲೇ ಇಲಿಗಳು ಬಿದ್ದು ಸಾಯುತ್ತವೆ. ಮಾರಿಯನ್ನು ಗಡಿ ದಾಟಿಸುವ ಆಚರಣೆಯಲ್ಲಿಯೂ ಇದೇ ತೊಡಕಿದೆ. ರೋಗದ ದೇವತೆಯನ್ನು ಪೂಜಿಸಿ ಮರ್ಯಾದೆಯಿಂದ ಊರ ಎಲ್ಲೆಯಾಚೆ ಬಿಟ್ಟುಬರುವಾಗ ಊರಿಗೆ ಊರೇ ಒಂದಾಗುತ್ತದೆ, ಭಯದಲ್ಲಿ ಒಂಟಿಯಾದವರಿಗೆ ಅದು ದೊಡ್ಡ ಆಸರೆ. ಆದರೆ ಎಲ್ಲೆಯ ಆಚೆಗೂ ಒಂದು ಊರಿದೆ. ಬೆಂಗಳೂರಿನಲ್ಲಿ ಪ್ಲೇಗಿನ ಹೆಸರಿನಲ್ಲಿಯೇ ಮಾರಮ್ಮನ ಗುಡಿ ಎದ್ದು, ಆ ತಾಯಿಯನ್ನು ಹೊರಗೆ ಕಳಿಸದೆ ನಗರದ ನಡುವೆಯೇ ನೆಲೆಗೊಳಿಸಿಕೊಂಡದ್ದು ಈ ದೃಷ್ಟಿಯಿಂದ ಗಮನಿಸಬೇಕಾದ ಸಂಗತಿ.

ದಂಡಿನ ಪುರಸಭೆ ಹೊಸದಾಗಿ ಕಟ್ಟಿ 1910ರಲ್ಲಿ ರೆಸಿಡೆಂಟ್ ಸ್ಟುವರ್ಟ್ ಫ್ರೇಸರರ ಹೆಸರಿಟ್ಟ ಫ್ರೇಸರ್ ಟೌನ್, ಇಂದಿನ ಪುಲಿಕೇಶಿನಗರ, ಈ ಪ್ರಶ್ನೆಗಳಿಗೆ ಕಲ್ಲು ಗಾರೆಗಳಲ್ಲಿ ಕೊಟ್ಟ ಉತ್ತರವೆಂದು ಓದಲು ಬರುತ್ತದೆ. ಅದನ್ನು ರೂಪಿಸುವುದರಲ್ಲಿ ಮುಂದಾಗಿದ್ದ ಜೆ. ಎಚ್. ಸ್ಟೀಫನ್ಸ್ ಪ್ಲೇಗು ತಟ್ಟದ ಪಟ್ಟಣವನ್ನು ಕಟ್ಟುವ ಬಗೆಯನ್ನು ಕುರಿತು 1914ರಲ್ಲಿ ಪುಸ್ತಕವನ್ನೇ ಪ್ರಕಟಿಸಿದರು. ಇಲಿ ನುಗ್ಗದ ಮನೆಯ ತತ್ವ ಸರಳವಾದದ್ದು: ಇಲಿಯ ಹಲ್ಲಿಗೆ ಬಗ್ಗದ ಕಲ್ಲಿನ ಅಡಿಪಾಯ ಮತ್ತು ಗಟ್ಟಿ ನೆಲ, ಬೀದಿಯಿಂದ ಎತ್ತರಿಸಿದ ಪೀಠ, ಸೂರಿಗೂ ಗೋಡೆಗೂ ನಡುವೆ ಸಂದಿಲ್ಲದ ಕಟ್ಟಡ, ಕತ್ತಲೆಯ ಅಟ್ಟವಿಲ್ಲದ ಮಾಡು, ಬಚ್ಚಲ ಬಾಯಿಗೆ ಜಾಲರಿ, ಗಾಳಿ ಬೆಳಕುಗಳಿಗೆ ಕಿಟಕಿ, ಮನೆ ಮನೆಯ ನಡುವೆ ಜಾಗ. ಇಂಥ ಮನೆ ಇಲಿಯನ್ನು ಕೊಲ್ಲುವುದಿಲ್ಲ, ಅದಕ್ಕೆ ಎಡೆ ಕೊಡುವುದಿಲ್ಲ ಅಷ್ಟೇ. ಎಷ್ಟು ಕೊಂದರೂ ಆಹಾರವಿರುವವರೆಗೆ ಇಲಿಯ ಸಂತತಿ ಬೇಗನೆ ಮತ್ತೆ ತುಂಬಿಕೊಳ್ಳುತ್ತದೆಂಬ ಲೆಕ್ಕಾಚಾರ ಕಟ್ಟಿದವರ ಮನಸ್ಸಿನಲ್ಲಿ ಮುಖ್ಯವಾಗಿದ್ದಿರಬೇಕು, ಅವರು ಅಹಿಂಸೆಯನ್ನು ನೆನೆದು ಕಟ್ಟಿದರೆಂದು ಹೇಳಲು ಆಧಾರವಿಲ್ಲ. ಆದರೂ ವ್ರತವಾಗಿ ಉಪದೇಶಿಸಿದ್ದನ್ನು ಇಲ್ಲಿ ಗಾರೆಯವನ ಕರಣೆ ಮಾಡಿ ತೋರಿಸುತ್ತದೆ; ಕೊಲ್ಲುವ ಸಂದರ್ಭವೇ ಬಾರದಂತೆ ಮೊದಲೇ ನೋಡಿಕೊಳ್ಳುವುದು ಅಪ್ರಮಾದ, ಎಂದರೆ ಎಚ್ಚರ ತಪ್ಪದ ಬಾಳು.

ಈ ಉತ್ತರದಲ್ಲಿಯೂ ಎರಡು ಬಿರುಕುಗಳಿವೆ. ಮೊದಲನೆಯದು ಬಲಾತ್ಕಾರದ್ದು. 1897ರ ಸಾಂಕ್ರಾಮಿಕ ರೋಗಗಳ ಕಾಯಿದೆ ಸರ್ಕಾರದ ಕೈಗೆ ಮನೆಗಳನ್ನು ಶೋಧಿಸುವ, ಮಂದಿಯನ್ನು ಬೇರ್ಪಡಿಸುವ ಅಧಿಕಾರವನ್ನು ಕೊಟ್ಟಿತು. ಪುಣೆಯಲ್ಲಿ ಸೈನಿಕರು ಮನೆಮನೆಗೆ ನುಗ್ಗಿ ದೇವರ ಕೋಣೆಯನ್ನೂ ಬಿಡದೆ ತಪಾಸಣೆ ನಡೆಸಿದ್ದು ಜನರನ್ನು ಎಷ್ಟು ಕೆರಳಿಸಿತೆಂದರೆ, ಅದೇ ವರ್ಷ ಜೂನ್ 22ರ ರಾತ್ರಿ ಪ್ಲೇಗು ಅಧಿಕಾರಿ ರ‍್ಯಾಂಡನ ಮೇಲೆ ಚಾಪೇಕರ್ ಸಹೋದರರು ಗುಂಡು ಹಾರಿಸಿದರು. ಎಚ್ಚರದ ಹೆಸರಿನಲ್ಲಿ ಮನುಷ್ಯನನ್ನೇ ಇಲಿಯಂತೆ ಕಾಣುವ ಅಪಾಯ ಸದಾ ಇರುತ್ತದೆ. ರೋಗವಿಲ್ಲದವನೂ ಸಂಶಯಕ್ಕೆ ಗುರಿಯಾಗುತ್ತಾನೆ, ತಾಯಿಯಿಂದ ಮಗುವನ್ನು ಬಿಡಿಸಿ ಶೆಡ್ಡಿಗೆ ಸಾಗಿಸುವ ನೌಕರನಿಗೆ ತಾನು ಮಾಡುತ್ತಿರುವುದು ನೋವೆಂದು ತೋರದೆ ಹೋಗುತ್ತದೆ. ಅದೂ ಪ್ರಮಾದವೇ, ಜೀವವನ್ನು ಉಳಿಸುವ ಭರದಲ್ಲಿ ಜೀವವಿರುವವನನ್ನು ಕಾಣದ ಮೈಮರೆವು.

ಎರಡನೆಯ ಬಿರುಕು ಇನ್ನೂ ಆಳವಾದದ್ದು, ಅದು ಹಂಚಿಕೆಯದು. ಮಲ್ಲೇಶ್ವರ, ಬಸವನಗುಡಿಗಳಂಥ ಬಡಾವಣೆಗಳು ಪ್ಲೇಗಿನ ನಂತರ ತುಂಬಿಕೊಂಡವು. ಅಲ್ಲಿ ಬೀದಿಗಳು ಅಗಲವಾದವು, ಮನೆಗಳ ಹಿಂದೆ ಕನ್ಸರ್ವೆನ್ಸಿ ಓಣಿಗಳು ಹಾದುಹೋದವು. ಕಕ್ಕಸಿನ ಮಲವನ್ನು ಹೊರುವವರು ಮುಂಬಾಗಿಲಿನಿಂದ ಕಾಣದಂತೆ ಬಂದು ಹೋಗಲು ಬಿಟ್ಟ ದಾರಿಗಳವು. ನಗರದ ಶುದ್ಧಿಯೆಲ್ಲ ಅವರ ಕೈಯಲ್ಲಿತ್ತು, ಹಳೆಯ ಕಟ್ಟಳೆಯಂತೆ ಮೈಲಿಗೆಯೆಲ್ಲ ಅವರ ಪಾಲಿಗಿತ್ತು, ಹೊಸ ಶಾಸ್ತ್ರ ಕಟ್ಟಿದ ಇಲಿ ನುಗ್ಗದ ಮನೆ ಮಾತ್ರ ಅವರ ಪಾಲಿಗಿರಲಿಲ್ಲ. ಮನೆಯೊಂದರಲ್ಲಿ ಇಲಿ ಬಿದ್ದಾಗ ಮನೆಯವರು ಹೊರಗೆ ಓಡುತ್ತಿದ್ದರು, ಪುರಸಭೆಯ ಕೂಲಿಯವನು ಒಳಗೆ ಹೋಗುತ್ತಿದ್ದನು. ಸತ್ತ ಇಲಿಯ ಮೇಲೆ ಸೀಮೆಎಣ್ಣೆ ಸುರಿದು, ಇಕ್ಕಳದಲ್ಲಿ ಎತ್ತಿ ಬೆಂಕಿಗೆ ಹಾಕಬೇಕೆಂಬುದು ನಿಯಮ. ಎಣ್ಣೆ ಬೀಳುವ ಮೊದಲೇ ಚಿಗಟಗಳು ಇಳಿದು ಹೋಗಿದ್ದರೆ ಆ ನಡುಮನೆಯಲ್ಲಿ ಅವುಗಳಿಗೆ ಸಿಗುತ್ತಿದ್ದ ಬಿಸಿ ಮೈ ಅವನದೊಂದೇ, ಕೆಲಸ ಮುಗಿಸಿ ಅವನು ಹಿಂದಿರುಗುತ್ತಿದ್ದದ್ದು ಮಣ್ಣಿನ ನೆಲದ ಗುಡಿಸಲಿಗೆ, ಅಲ್ಲಿಯೂ ಚಾಪೆಯ ಮೇಲೆ ಮಕ್ಕಳು ಮಲಗಿರುತ್ತಿದ್ದರು.